ಹತ್ತೊಂಬತ್ತರ ಮಗ್ಗಿ

ಶಾಲೆ ತಪಾಸಣೆಗೆ ಬಂದ ಸಾಹೇಬರಿಗೆ ಸಂಜೆಯ ಮಗ್ಗಿ ಕೇಳಿ ಪಿತ್ತ ನೆತ್ತಿಗೇರಿತು. "ಇವು ಮೊಬೈಲ್ ಹಿಡಿದೇ ಹುಟ್ಟಿದ ಮಕ್ಕಳು ಕಣ್ರೀ. ಎಲ್ಲರಿಗೂ ಟ್ಯಾಬ್ ಕೊಡಿಸ್ತೀನಿ. ನಾಳೆಯಿಂದ ಮಗ್ಗಿ ಬಂದ್," ಎಂದು ಆದೇಶ ಬರೆಯಲು ಪೆನ್ನು ತೆಗೆದರು.

ಮೂವತ್ತು ವರ್ಷ ಮಗ್ಗಿ ಹೇಳಿಸಿದ ಸಾಕಮ್ಮ ಟೀಚರು ತಲೆಯಾಡಿಸಿದರು. "ಆಗಲಿ ಸಾರ್. ಏಳು ಕ್ಲಾಸು, ಒಂದೊಂದರಲ್ಲೂ ಹತ್ತೊಂಬತ್ತು ಮಕ್ಕಳು. ಎಷ್ಟು ಟ್ಯಾಬ್ ಅಂತ ಬರ್ಕೊಳ್ಳಲಿ?" ಆ ಲೆಕ್ಕ ನಿಜವೋ ಸುಳ್ಳೋ, ಟೀಚರಿಗೇ ಗೊತ್ತು.

ಸಾಹೇಬರ ಮೊಬೈಲು ಜೀಪಿನಲ್ಲಿತ್ತು. ಅವರು ಕಣ್ಣು ಮುಚ್ಚಿದರು. "ಹತ್ತೊಂಬತ್ತೊಂದ್ಲಿ ಹತ್ತೊಂಬತ್ತು..." ಮೂರಕ್ಕೆ ರಾಗ ಬಂತು, ನಾಲ್ಕಕ್ಕೆ ಮೈ ತೂಗಿತು, ಮಕ್ಕಳೂ ದನಿ ಸೇರಿಸಿದರು. ಏಳಕ್ಕೆ ಉತ್ತರ ಸಿಕ್ಕರೂ ಸಾಹೇಬರು ಹತ್ತರವರೆಗೂ ಹೋದರು.

"ಏಳಕ್ಕೇ ಸಾಕಿತ್ತಲ್ಲ ಸಾರ್?"

"ನಡುವೆ ನಿಲ್ಲಿಸಿದ್ರೆ ನಮ್ಮ ಮೇಷ್ಟ್ರು ಮೊದಲಿಂದ ಹೇಳಿಸೋರು," ಎಂದ ಸಾಹೇಬರು ಪೆನ್ನು ಜೇಬಿಗಿಟ್ಟರು. "ಟ್ಯಾಬೂ ಬರಲಿ, ಮಗ್ಗಿಯೂ ಇರಲಿ. ಈಗ ಹದಿನೇಳರದ್ದು ಹೇಳಿಸಿ. ಅದು ನನಗೆ ಅವತ್ತೂ ಬಂದಿರಲಿಲ್ಲ."