ತಲೆಬಾಗಿಸುವ ಬಾಗಿಲು

ಹೊಳೆದಂಡೆಯ ಮಠದಲ್ಲಿ ಅಂದು ಒಂದು ಘೋರ ಕೃತ್ಯ ನಡೆದುಹೋಯಿತು. ಬೆಂಕಿ ಆರಿಸುವ ಮರಳಿನ ಬಕೆಟ್ಟು ತೂಗುಹಾಕಲೆಂದು ಗ್ರಂಥಭಂಡಾರದ ಗೋಡೆಗೆ ಯಾರೋ ಒಂದು ಮೊಳೆ ಹೊಡೆದರು.

ಭಂಡಾರ ನೋಡಿಕೊಳ್ಳುವ ಶಿಷ್ಯ ಚನ್ನವೀರಯ್ಯ ಮಧ್ಯಾಹ್ನದ ಊಟ ಬಿಟ್ಟ. ಮುನ್ನೂರು ವರ್ಷದ ಗೋಡೆ ಅದು.

ಮೊಳೆಗೇ ಹೀಗಾದವನಿಗೆ ಅಗ್ನಿಶಾಮಕ ದಳದ ಅಧಿಕಾರಿ ಇನ್ನೂ ದೊಡ್ಡದನ್ನು ಬರೆದುಕೊಟ್ಟು ಹೋಗಿದ್ದರು: ಪೂರ್ವದ ಗೋಡೆ ಒಡೆದು ಎರಡನೆಯ ಬಾಗಿಲು ಇಡಬೇಕು.

ಚನ್ನವೀರಯ್ಯ ವಿನಾಯಿತಿ ಕೋರಿ ಪತ್ರ ಬರೆದ. ಗುರುಗಳ ಸಹಿಯೊಂದು ಬಾಕಿ.

“ಬುದ್ಧಿ, ಇರುವ ಬಾಗಿಲು ಸಾಲದೆ? ಹಿರಿಯರು ಬೇಕೆಂದೇ ಗಿಡ್ಡ ಮಾಡಿಸಿದ್ದು. ಒಳಗೆ ಬರುವವನು ತಲೆಬಾಗಲೇಬೇಕು.”

“ಅಧಿಕಾರಿ ಬಾಗಿದರಾ?”

“ಎಲ್ಲಿ ಬುದ್ಧಿ! ಚೌಕಟ್ಟಿಗೆ ಹಣೆ ಬಡಿಸಿಕೊಂಡರು. ಆ ಸಿಟ್ಟಿಗೇ ಬರೆದಿದ್ದಾರೆ.”

ಗುರುಗಳು ನಗಲಿಲ್ಲ. “ಒಳಗೆ ಕೂತು ಸಹಿ ಹಾಕುತ್ತೇನೆ, ನಡಿ” ಎಂದರು.

ಒಳಗೆ ನಲವತ್ತು ಮಂದಿ ಓದುತ್ತಿದ್ದರು. ಬಾವಲಿ ನುಗ್ಗದಂತೆ ಬಾಗಿಲು ಮುಚ್ಚಿತ್ತು. ಗುರುಗಳು ಕೊನೆಯ ಕಪಾಟಿನ ಹಿಂದೆ ಹೋಗಿ ಕೂತರು.

“ಬೆಂಕಿ ಬಿದ್ದಿದೆ ಅಂದುಕೊಳ್ಳಿ. ಎಲ್ಲರೂ ಹೊರಡಿ.”

ಬಾಗಿಲು ತೆರೆಯುವುದು ಒಳಕ್ಕೆ. ಮುಂದಿದ್ದವರು ಎಳೆದರು, ಹಿಂದಿದ್ದವರು ತಳ್ಳಿದರು. ಅಂತೂ ತೆರೆದು ಹೊರಬೀಳುವಷ್ಟರಲ್ಲಿ ಆರು ಜನರ ಹಣೆ ಊದಿತ್ತು.

ಚನ್ನವೀರಯ್ಯ ಎಲ್ಲಕ್ಕಿಂತ ಹಳೆಯ ತಾಳೆಗರಿಯ ಕಟ್ಟನ್ನು ಎದೆಗೆ ಅವಚಿಕೊಂಡು ಅಂಗಳಕ್ಕೆ ಬಂದ. ಒಂದು ಗರಿಯೂ ಮುರಿದಿರಲಿಲ್ಲ.

“ಅಣ್ಣಾ, ಬುದ್ಧಿಯವರೆಲ್ಲಿ?” ಎಂದು ಯಾರೋ ಕೇಳಿದರು.

ಅವನು ಒಳಕ್ಕೆ ಓಡಿದ. ಭಂಡಾರ ಸೇರಿದ ಹದಿನಾರು ವರ್ಷದಲ್ಲಿ ಮೊದಲ ಸಲ ಬಾಗುವುದನ್ನು ಮರೆತ. ಹಣೆ ಹಿಡಿದುಕೊಂಡು ಕೊನೆಯ ಕಪಾಟಿನ ಬಳಿ ನಿಂತ.

ಗುರುಗಳು ಕೂತಲ್ಲೇ ಇದ್ದರು.

“ನಾನು ತೀರಿಕೊಂಡು ಎಷ್ಟು ಹೊತ್ತಾಯಿತು?”

ಚನ್ನವೀರಯ್ಯ ತಲೆ ತಗ್ಗಿಸಿದ.

“ಗೋಡೆ ಹೇಗಿದೆ?”

“ಚೆನ್ನಾಗಿದೆ, ಬುದ್ಧಿ.”

ಗುರುಗಳು ಪೆನ್ನು ತೆಗೆದು ಕೈ ಚಾಚಿದರು. “ಪತ್ರ ಕೊಡು.”

ಚನ್ನವೀರಯ್ಯ ಕೊಡಲಿಲ್ಲ.

ಮರುತಿಂಗಳು ಗಾರೆಯವನು ಪೂರ್ವದ ಗೋಡೆಯ ಮುಂದೆ ಸೀಮೆಸುಣ್ಣ ಹಿಡಿದು ನಿಂತ. ಚನ್ನವೀರಯ್ಯ ಮೆಲ್ಲನೆ ಗುರುಗಳ ಹತ್ತಿರ ಬಂದ.

“ಬುದ್ಧಿ, ಎತ್ತರ ಎಷ್ಟು ಹೇಳಲಿ? ತುಸು ಗಿಡ್ಡ ಇಡಿಸಿದರೆ, ಬರುವವರು...”

“ಏಳು ಅಡಿ” ಎಂದರು ಗುರುಗಳು. “ಹೊರಕ್ಕೆ ತೆರೆಯಬೇಕು.”