ಚೋಂದಮ್ಮನ ಹೆಬ್ಬೆರಳು ಮತ್ತು ಹಗುರವಾದ ಬೋಲ್ಟು

ಕೊಡಗಿನ ಒಂದು ಊರಿನಲ್ಲಿ ಉತ್ತಯ್ಯ ಮತ್ತು ಚೋಂದಮ್ಮ ಎಂಬ ಗಂಡ ಹೆಂಡತಿ ಇದ್ದರು. ಉತ್ತಯ್ಯ ಒಳ್ಳೆಯ ಗುರಿಕಾರ. ಒಳ್ಳೆಯ ಮನುಷ್ಯ ಕೂಡ, ಕೈಯಲ್ಲಿ ಕೋವಿ ಇಲ್ಲದಿದ್ದಾಗ.

ಅವನ ಕೋವಿ ಸಣ್ಣ ಗುಂಡಿನ ರಿಮ್‌ಫೈರ್ ರೈಫಲ್. ಅದರ ಕೆಲಸ ಸುಲಭವಾಗಿ ತಿಳಿಯುವಂಥದ್ದು. ಟ್ರಿಗರ್ ಒತ್ತಿದರೆ ಗುಂಡು ಹಾರುತ್ತದೆ. ಅದರ ರಭಸಕ್ಕೆ ಒಳಗಿನ ಬೋಲ್ಟು ಹಿಂದಕ್ಕೆ ಸರಿದು ಹಾರಿದ ಗುಂಡಿನ ಖಾಲಿ ತೋಟೆಯನ್ನು ಹೊರಗೆ ಎಸೆಯುತ್ತದೆ. ಅಷ್ಟರಲ್ಲಿ ಕೋವಿಯ ಕೆಳಗೆ ಸಿಕ್ಕಿಸಿದ ಗುಂಡಿನ ಗೂಡಾದ ಮ್ಯಾಗಜೀನಿನ ಸ್ಪ್ರಿಂಗು ಹೊಸ ಗುಂಡನ್ನು ಕೆಳಗಿನಿಂದ ಮೇಲಕ್ಕೆ ಎತ್ತುತ್ತದೆ. ಬೋಲ್ಟು ಮುಂದೆ ಬರುವಾಗ ಅದನ್ನು ತಳ್ಳಿಕೊಂಡು ನಳಿಗೆಗೆ ಸೇರಿಸುತ್ತದೆ. ಮತ್ತೆ ಒತ್ತಿದರೆ ಮತ್ತೆ ಢಂ. ಮ್ಯಾಗಜೀನು ಖಾಲಿಯಾಗುವ ತನಕ ಕೋವಿಯೇ ಎಲ್ಲ ನೋಡಿಕೊಳ್ಳುತ್ತದೆ.

ಖಾಲಿಯಾದ ಮೇಲೆ ನೋಡಿಕೊಳ್ಳಬೇಕಾದವಳು ಚೋಂದಮ್ಮ.

ಆ ಊರಿನಲ್ಲಿ ಕೈಲ್‌ಪೊಳ್ದ್ ಹಬ್ಬದ ದಿನ, ಕೋವಿಗಳ ಪೂಜೆ ಮುಗಿದ ಮೇಲೆ, ಮೈದಾನದಲ್ಲಿ ಜೋಡಿ ಪಂದ್ಯ ನಡೆಯುತ್ತಿತ್ತು. ತಗಡಿನ ಬಿಲ್ಲೆಗಳನ್ನು ಸಾಲಾಗಿ ನಿಲ್ಲಿಸುತ್ತಿದ್ದರು. ಮನೆಗೆ ಇಬ್ಬರು. ಒಬ್ಬರು ಹೊಡೆಯಬೇಕು, ಇನ್ನೊಬ್ಬರು ಹಿಂದೆ ಕುಳಿತು ಮ್ಯಾಗಜೀನು ತುಂಬಿಕೊಡಬೇಕು. ಜೋಡಿಗೆ ಎರಡೇ ಮ್ಯಾಗಜೀನು. ಎರಡನೆಯ ಗಂಟೆ ಬಾರಿಸುವುದರೊಳಗೆ ಯಾರ ಬಿಲ್ಲೆಗಳು ಹೆಚ್ಚು ಬೀಳುತ್ತವೋ ಆ ಮನೆಗೆ ಮುಂದಿನ ಹಬ್ಬದಲ್ಲಿ ಮರಕ್ಕೆ ಕಟ್ಟಿದ ತೆಂಗಿನಕಾಯಿಗೆ ಮೊದಲ ಗುಂಡು ಹೊಡೆಯುವ ಗೌರವ. ಉತ್ತಯ್ಯನ ಅಪ್ಪ ಇದ್ದಷ್ಟು ಕಾಲ ಅದು ಅವರ ಮನೆಯಲ್ಲೇ ಇತ್ತು. ಈಗ ಕೈತಪ್ಪಿ ಕೆಲವು ವರ್ಷಗಳಾಗಿದ್ದವು. ಉತ್ತಯ್ಯನಿಗೆ ಅದೊಂದೇ ಚಿಂತೆ.

ಚೋಂದಮ್ಮನಿಗೂ ಗೆಲುವು ಬೇಕಾಗಿತ್ತು. ಅವಳ ಕಾರಣ ಬೇರೆ. ಮದುವೆಯಾದಂದಿನಿಂದ ಮ್ಯಾಗಜೀನು ತುಂಬಿ ತುಂಬಿ ಅವಳ ಬಲಗೈ ಹೆಬ್ಬೆರಳಿನ ಕೀಲು ಸವೆದುಹೋಗಿತ್ತು. ಹೋದ ವರ್ಷ ಸೋತು ಮನೆಗೆ ಬರುವಾಗ ಅವಳು, "ಇನ್ನು ನನ್ನಿಂದ ಆಗುವುದಿಲ್ಲ" ಎಂದಿದ್ದಳು.

"ಇನ್ನೊಂದೇ ವರ್ಷ ಮಾರಾಯ್ತಿ" ಎಂದಿದ್ದ ಉತ್ತಯ್ಯ. "ಒಂದು ಸಲ ಗೆದ್ದುಬಿಡುವ. ಆಮೇಲೆ ನೀನು ಮ್ಯಾಗಜೀನು ಮುಟ್ಟುವುದೇ ಬೇಡ."

ಅವಳು ಆ ಮಾತನ್ನು ವರ್ಷವಿಡೀ ನೆನಪಿಟ್ಟುಕೊಂಡಿದ್ದಳು.

ಹಬ್ಬ ಹತ್ತಿರ ಬಂತು. ಉತ್ತಯ್ಯ ಪೇಟೆಯಿಂದ ಹೊಸದೊಂದು ಬೋಲ್ಟು ತರಿಸಿದ. ಹಳೆಯದು ಭಾರ, ಇದು ಹಗುರ. ಹಳೆಯದು ಹೋಗಿ ಬರಲು ತನ್ನ ಹೊತ್ತು ತೆಗೆದುಕೊಳ್ಳುತ್ತಿತ್ತು. ಇದು ಕಣ್ಣು ಮಿಟುಕಿಸುವುದರೊಳಗೆ ಹೋಗಿ ಬಂದುಬಿಡುತ್ತಿತ್ತು. ಮನೆಯ ಹಿಂದಿನ ದಿಬ್ಬಕ್ಕೆ ಗುರಿಯಿಟ್ಟು ಹೊಡೆದು ನೋಡಿದ. ಮೊದಲ ಗುಂಡುಗಳು ಒಂದರ ಬೆನ್ನಿಗೊಂದು ಹಾರಿದವು. ಉತ್ತಯ್ಯನ ಮುಖ ಅರಳಿತು. ಅಷ್ಟರಲ್ಲಿ ಕೋವಿ ಕಚ್ಚಿಕೊಂಡಿತು.

ತೆರೆದು ನೋಡಿದರೆ ಗುಂಡು ಓರೆಯಾಗಿ ಸಿಕ್ಕಿಬಿದ್ದಿತ್ತು. ಬಿಡಿಸಿ ಮತ್ತೆ ಹೊಡೆದ. ಮತ್ತೆ ಕಚ್ಚಿಕೊಂಡಿತು. ಗುಂಡು ಸರಿಯಿಲ್ಲ ಎಂದ. ಬೇರೆ ಡಬ್ಬ ತೆರೆದ. ಎಣ್ಣೆ ಹೆಚ್ಚಾಯಿತು ಎಂದ. ಒರೆಸಿದ. ಎಲ್ಲ ಮುಗಿದ ಮೇಲೆ ಹೆಂಡತಿಯ ಕಡೆ ತಿರುಗಿದ.

"ನೀನು ಎಂತ ತುಂಬಿಸಿದ್ದು? ಸರಿಯಾಗಿ ಕೂರಿಸಲಿಲ್ಲ."

ಚೋಂದಮ್ಮನಿಗೆ ಸಿಟ್ಟು ಬರಬೇಕಿತ್ತು. ಆದರೆ ಸಿಟ್ಟಿಗೂ ಸ್ವಲ್ಪ ಶಕ್ತಿ ಬೇಕಲ್ಲ. ರಿಮ್‌ಫೈರ್ ಗುಂಡಿನ ಬುಡಕ್ಕೆ ಒಂದು ಅಂಚು ಇರುತ್ತದೆ. ಮೇಲಿನ ಗುಂಡಿನ ಅಂಚು ಕೆಳಗಿನದರ ಅಂಚಿಗಿಂತ ಮುಂದೆ ಕೂರಬೇಕು, ಇಲ್ಲದಿದ್ದರೆ ಸಿಕ್ಕಿಕೊಳ್ಳುತ್ತದೆ. ಇದನ್ನು ಅವಳು ಕಣ್ಣು ಮುಚ್ಚಿಕೊಂಡೇ ಮಾಡುತ್ತಿದ್ದಳು. ಅವಳು ಸುಮ್ಮನೆ ಮ್ಯಾಗಜೀನನ್ನು ಕೈಗೆತ್ತಿಕೊಂಡು ಬೆರಳಿನಿಂದ ಒತ್ತಿ ತೋರಿಸಿದಳು.

"ಇದು ಗುಂಡನ್ನು ಮೇಲೆತ್ತುವ ಮೊದಲೇ ನಿಮ್ಮ ಹೊಸ ಬೋಲ್ಟು ಬಂದುಬಿಡುತ್ತದೆ. ಪಾಪ, ಇದಕ್ಕೂ ಏಳಲು ಹೊತ್ತು ಬೇಡವಾ? ಹಳೆಯ ಬೋಲ್ಟನ್ನೇ ಹಾಕಿ."

ಮಾತು ಸರಿ ಎಂದು ಉತ್ತಯ್ಯನಿಗೂ ಗೊತ್ತಾಯಿತು. ಆದರೆ ಹೊಸ ಬೋಲ್ಟಿನ ಆ ವೇಗ ಅವನ ತಲೆಯೊಳಗೆ ಕೂತುಬಿಟ್ಟಿತ್ತು. ಅವನು ಸ್ವಲ್ಪ ಯೋಚಿಸಿ ಹೇಳಿದ: "ಬೋಲ್ಟು ನಿಧಾನ ಮಾಡುವುದು ಯಾಕೆ? ಮ್ಯಾಗಜೀನನ್ನೇ ಬೇಗ ಮಾಡುವ."

ಮರುದಿನವೇ ಎರಡೂ ಮ್ಯಾಗಜೀನಿಗೆ ಗಟ್ಟಿ ಸ್ಪ್ರಿಂಗು ಹಾಕಿದ. ಈಗ ಗುಂಡು ಪುಟಿದು ಮೇಲೆ ಬರುತ್ತಿತ್ತು. ಕೋವಿ ಕಚ್ಚಿಕೊಳ್ಳಲಿಲ್ಲ. ಡಬ್ಬ ಖಾಲಿಯಾಗುವಷ್ಟು ಹೊಡೆದರೂ ಕಚ್ಚಿಕೊಳ್ಳಲಿಲ್ಲ. ಉತ್ತಯ್ಯ ಹಾಡು ಗುನುಗುತ್ತಾ ಒಳಗೆ ಹೋದ.

ಸ್ಪ್ರಿಂಗು ಗಟ್ಟಿಯಾದರೆ ಅದನ್ನು ಅದುಮಿ ಗುಂಡು ತುಂಬುವವರ ಗತಿ ಏನು ಎಂದು ಅವನಿಗೆ ಹೊಳೆಯಲಿಲ್ಲ. ಚೋಂದಮ್ಮ ಬಾಯಿಬಿಟ್ಟು ಹೇಳಬೇಕೆಂದಿದ್ದಳು. ಆದರೆ ಇನ್ನೊಂದೇ ಪಂದ್ಯ, ಗೆದ್ದರೆ ಮುಗಿಯಿತು ಎಂದುಕೊಂಡು ಹೆಬ್ಬೆರಳಿಗೆ ಬಟ್ಟೆ ಸುತ್ತಿಕೊಂಡಳು.

ಹಬ್ಬದ ದಿನ ಚೋಂದಮ್ಮ ಬೆಳಕು ಹರಿಯುವ ಮೊದಲೇ ಎದ್ದಳು. ನೆಂಟರಿಗೆಲ್ಲ ಕಡಂಬುಟ್ಟು ಮಾಡಬೇಕಿತ್ತು. ಅಕ್ಕಿತರಿಯನ್ನು ಅದೇ ಕೈಯಲ್ಲಿ ಉಂಡೆ ಕಟ್ಟಿದಳು, ಹಂದಿಮಾಂಸವನ್ನೂ ಅದೇ ಕೈಯಲ್ಲಿ ಹೆಚ್ಚಿದಳು. ಪೂಜೆಯಾಯಿತು, ಕೋವಿಯ ತುದಿಗೆ ಹೂ ಇಟ್ಟರು, ಊಟವಾಯಿತು. ಉಂಡವರು ಕೈ ತೊಳೆದು ಮೈದಾನಕ್ಕೆ ಹೊರಟರು. ಅವಳು ಪಾತ್ರೆ ತೊಳೆದು ಹೊರಟಳು.

ಮೊದಲ ಗಂಟೆ ಬಾರಿಸಿದರು. ಉತ್ತಯ್ಯ ಹೊಡೆಯತೊಡಗಿದ. ಅಂಥ ವೇಗವನ್ನು ಆ ಮೈದಾನ ಕಂಡಿರಲಿಲ್ಲ. ಬಿಲ್ಲೆಗಳು ಪಟಪಟನೆ ಉರುಳಿದವು. ಜನ ಎದ್ದು ನಿಂತರು. ಮೊದಲ ಮ್ಯಾಗಜೀನು ಖಾಲಿ. ಅದನ್ನು ಹಿಂದಕ್ಕೆ ಕೊಟ್ಟು ಎರಡನೆಯದನ್ನು ಸಿಕ್ಕಿಸಿದ. ಚೋಂದಮ್ಮ ತುಂಬತೊಡಗಿದಳು. ಒಂದು ಗುಂಡು ಕೂತಿತು. ಇನ್ನೊಂದು ಕೂತಿತು. ಮೂರನೆಯದಕ್ಕೆ ಸ್ಪ್ರಿಂಗು ಅದುಮಿದಾಗ ಹೆಬ್ಬೆರಳಿನಿಂದ ಮೊಣಕೈವರೆಗೆ ನೋವು ಓಡಿತು. ಅಷ್ಟರಲ್ಲಿ ಎರಡನೆಯ ಮ್ಯಾಗಜೀನೂ ಖಾಲಿಯಾಗಿತ್ತು. ಉತ್ತಯ್ಯ ತಿರುಗಿ ನೋಡದೆ ಕೈ ಹಿಂದಕ್ಕೆ ಚಾಚಿದ್ದ.

"ಕೊಡು!"

ಅವಳು ಅದುಮಿದಳು. ಬೆರಳು ಬಗ್ಗಲಿಲ್ಲ.

"ಎಂತ ಮಾಡ್ತಿದ್ದೀ? ನಿದ್ದೆ ಬಂತಾ ನಿನಗೆ?"

ಅವನ ಕೂಗು ಮೈದಾನಕ್ಕೆಲ್ಲ ಕೇಳಿಸಿತು. ಯಾರೋ ನಕ್ಕರು. ಚೋಂದಮ್ಮನಿಗೆ ಅಳು ಬರಲಿಲ್ಲ, ನಾಚಿಕೆಯೂ ಆಗಲಿಲ್ಲ. ಸಾಕು ಎನಿಸಿತು, ಅಷ್ಟೆ. ಅರೆಬರೆ ತುಂಬಿದ ಮ್ಯಾಗಜೀನನ್ನೂ ಗುಂಡಿನ ಡಬ್ಬವನ್ನೂ ಅವನ ಮುಂದೆ ಇಟ್ಟಳು.

"ಉಳಿದದ್ದು ನೀವೇ ತುಂಬಿ. ನನ್ನ ಕೈಯಲ್ಲಿ ಇನ್ನಾಗುವುದಿಲ್ಲ."

ಉತ್ತಯ್ಯ ಕೋವಿಯನ್ನು ಕೆಳಗಿಟ್ಟು ಗುಂಡು ತೆಗೆದುಕೊಂಡ. ಅದುಮಿದ. ಸ್ಪ್ರಿಂಗು ಅರ್ಧಕ್ಕೆ ಹೋಗಿ ನಿಂತಿತು. ಹಲ್ಲು ಕಚ್ಚಿ ಇನ್ನೂ ಜೋರಾಗಿ ಅದುಮಿದ. ಗುಂಡು ಅವನ ಬೆರಳಿನಿಂದ ಚಿಮ್ಮಿ ಹುಲ್ಲಿಗೆ ಬಿತ್ತು. ಇನ್ನೊಂದು ತೆಗೆದುಕೊಂಡ. ಅದೂ ಚಿಮ್ಮಿತು. ಊರಿನಲ್ಲೇ ಅತಿ ವೇಗದ ಕೋವಿ ಪಕ್ಕದಲ್ಲಿ ಬಾಯಿ ಮುಚ್ಚಿಕೊಂಡು ಬಿದ್ದಿತ್ತು. ಎರಡನೆಯ ಗಂಟೆ ಬಾರಿಸಿದರು.

ಗೌರವ ಬೇರೆ ಮನೆಗೆ ಹೋಯಿತು. ಅವರ ಕೋವಿ ಹಳೆಯದು, ಠಕ್ ಠಕ್ ಎಂದು ಸಾವಕಾಶವಾಗಿ ಹೊಡೆದಿತ್ತು. ಎಲ್ಲೂ ನಿಂತಿರಲಿಲ್ಲ.

ಇಬ್ಬರೂ ಮನೆಯ ದಾರಿ ಹಿಡಿದರು. ಚೋಂದಮ್ಮನಿಗೆ ಮುಂದಿನ ವರ್ಷವನ್ನು ನೆನೆದೇ ಸುಸ್ತಾಯಿತು. ಗೆದ್ದರೆ ಬಿಡುಗಡೆ ಎಂದಿದ್ದ, ಗೆಲ್ಲಲಿಲ್ಲ. ಮನೆಗೆ ಬಂದು ಜಗಲಿಯಲ್ಲಿ ಕುಳಿತಳು. ಉತ್ತಯ್ಯ ಒಳಗೆ ಹೋಗಿ ಚೊಂಬಿನಲ್ಲಿ ಬಿಸಿನೀರು ತಂದು ಅವಳ ಮುಂದೆ ಇಟ್ಟ. ಅವಳ ಕೈಗೆ ಸುತ್ತಿದ ಬಟ್ಟೆಯನ್ನು ಬಿಚ್ಚಿದ. ಹೆಬ್ಬೆರಳು ಊದಿಕೊಂಡು ಕೆಂಪಾಗಿತ್ತು. ಅದನ್ನು ಬಹಳ ಹೊತ್ತು ನೋಡಿದ. ತನ್ನ ಹೆಬ್ಬೆರಳನ್ನೂ ನೋಡಿಕೊಂಡ. ಎರಡೇ ಗುಂಡು ಅದುಮಿದ್ದಕ್ಕೆ ಅದೂ ಕೆಂಪಾಗಿತ್ತು.

ಮುಂದಿನ ಭಾನುವಾರ ಅವನು ಹಳೆಯ ಭಾರದ ಬೋಲ್ಟನ್ನು ಹುಡುಕಿ ತೆಗೆದು ಕೋವಿಗೆ ಹಾಕಿದ. ಮ್ಯಾಗಜೀನಿಗೂ ಹಳೆಯ ಸ್ಪ್ರಿಂಗನ್ನೇ ಹಾಕಿದ. ದಿಬ್ಬದ ಬುಡದಲ್ಲಿ ತಗಡಿನ ಬಿಲ್ಲೆಗಳನ್ನು ನಿಲ್ಲಿಸಿ, ಎದುರು ಚಾಪೆ ಹಾಸಿ ಹೆಂಡತಿಯನ್ನು ಕರೆದು ಕೋವಿಯನ್ನು ಅವಳ ಕೈಗೆ ಕೊಟ್ಟ. ಮುಂದಿನ ವರ್ಷ ಹೊಡೆಯುವವಳು ನೀನು ಎಂದ. ತಾನು ಹಿಂದೆ ಕುಳಿತ.

ಕೊಡವರ ಮನೆಯ ಮಗಳಲ್ಲವೇ, ಕೋವಿ ಅವಳಿಗೆ ಹೊಸದಲ್ಲ. ಹೆಬ್ಬೆರಳಿಗೆ ಕೆಲಸವಿರಲಿಲ್ಲ, ತೋರುಬೆರಳು ಗಟ್ಟಿಯಾಗಿಯೇ ಇತ್ತು. ಒಂದೊಂದಾಗಿ ಬಿಲ್ಲೆಗಳನ್ನು ಉರುಳಿಸಿದಳು. ಕೋವಿ ಒಮ್ಮೆಯೂ ಕಚ್ಚಿಕೊಳ್ಳಲಿಲ್ಲ. ಮ್ಯಾಗಜೀನುಗಳು ಖಾಲಿಯಾದವು. ಹಿಂದೆ ಉತ್ತಯ್ಯ ಬೆವರುತ್ತಾ, ಅಂಚು ತಪ್ಪಾಗಿ ಇಟ್ಟು, ಮತ್ತೆ ತೆಗೆದು ಕೂರಿಸುತ್ತಾ ಒದ್ದಾಡುತ್ತಿದ್ದ. ಅವಳು ಕೈ ಚಾಚಲಿಲ್ಲ. ಕೋವಿಯ ಬಾಯನ್ನು ದಿಬ್ಬದ ಕಡೆಗೇ ಇಟ್ಟು ಕತ್ತು ತಿರುಗಿಸಿ ಕೇಳಿದಳು: "ಆಯಿತಾ?"

ಉತ್ತಯ್ಯನ ಕೈ ನಿಂತಿತು.

"ಇಷ್ಟು ವರ್ಷದಲ್ಲಿ ನಾನು ನಿನ್ನನ್ನು ಹೀಗೆ ಕೇಳಿದ್ದುಂಟಾ?"

"ಇಲ್ಲ" ಎಂದಳು ಚೋಂದಮ್ಮ.

ಅವನು ತಲೆ ತಗ್ಗಿಸಿ ಮತ್ತೊಂದು ಗುಂಡು ತೆಗೆದುಕೊಂಡ. "ಇನ್ನೂ ಸ್ವಲ್ಪ ಉಂಟು. ತಡಿ."

"ತಡೆದೇ ಇದ್ದೇನೆ. ನಿಧಾನಕ್ಕೆ ತುಂಬಿ."

ನೀತಿ: ನಮ್ಮ ವೇಗವನ್ನು ಯಾರೋ ಒಬ್ಬರು ಹಿಂದೆ ಕುಳಿತು ತುಂಬಿಕೊಡುತ್ತಿರುತ್ತಾರೆ. ಓಡುವ ಮೊದಲು ತಿರುಗಿ ನೋಡಿ, ಅವರನ್ನು ಕೇಳಿ. ಅವರ ಕೈ ಸೋತ ದಿನ ನಮ್ಮ ಓಟವೂ ಅಲ್ಲಿಗೇ ನಿಲ್ಲುತ್ತದೆ.