ಮುಚ್ಚಿಟ್ಟ ತೋಳು

ವರದಾ ನದಿಯ ದಂಡೆಯಲ್ಲೊಂದು ಸಣ್ಣ ಕಾಲೇಜು. ಅಲ್ಲಿ ಫ್ಯಾಷನ್ ಡಿಸೈನ್ ಕಲಿಸುತ್ತಿದ್ದವರು ದೇಸಾಯಿ ಮೇಡಂ. ಮಾತು ಕಡಿಮೆ.

ಭಾರ್ಗವಿ ಅವರ ಜಾಣ ಶಿಷ್ಯೆ. ಆದರೆ ಯಾರಾದರೂ ಹತ್ತಿರ ಬಂದರೆ ತಾನು ಬರೆದ ಚಿತ್ರದ ಮೇಲೆ ಅಂಗೈ ಇಡುವಳು. ಕತ್ತರಿಸಿದ ಬಟ್ಟೆಯ ಚೂರುಗಳನ್ನೂ ಅಲ್ಲಿ ಬಿಡದೆ ಚೀಲಕ್ಕೆ ತುಂಬಿಕೊಂಡು ಹೋಗುವಳು.

ರಾಜ್ಯಮಟ್ಟದ ಸ್ಪರ್ಧೆಗೆ ಕಾಲೇಜಿನಿಂದ ಒಂದೇ ಉಡುಪು ಹೋಗುವುದಿತ್ತು.

ಒಂದು ದಿನ ಭಾರ್ಗವಿ ತನ್ನ ಸಹಪಾಠಿಯ ಮೇಲೆ ದೂರು ಹೇಳಲು ಮೇಡಂ ಬಳಿ ಬಂದಳು. "ನೀಲಾಂಬಿಕೆ ನನ್ನ ಅಂಗಿ ತೋಳಿನ ಡಿಸೈನ್ ಕದ್ದಾಳ್ರಿ."

"ನೋಡೀಯೇನು?"

"ಇಲ್ರಿ. ನಾ ಒಳಗ ಬಂದ ಕೂಡ್ಲೇ ಆಕಿ ತನ್ನ ಅಂಗಿ ತೊಡಿಸಿದ ಗೊಂಬಿ ಮ್ಯಾಲೆ ಬಟ್ಟಿ ಎಳೀತಾಳ. ಕದೀದಿದ್ರ ಯಾಕ ಮುಚ್ಚಬೇಕು?"

"ನೀನೂ ಮುಚ್ಚತೀಯಲ್ಲ."

"ಕಳ್ಳರು ಅದಾರಂತ ಮುಚ್ಚತೀನ್ರಿ."

ಮೇಡಂ ನಗಲಿಲ್ಲ. ಹೊಲಿಗೆ ಕೋಣೆಯ ಕೀಲಿ ತೆಗೆದು ಅವಳ ಕೈಗಿಟ್ಟರು.

"ಇನ್ನ ನೀನ ಕಾಯಿ. ನೀ ಬಾಗಿಲಾ ತೆಗೀದ ಯಾರೂ ಒಳಗ ಹೋಗಂಗಿಲ್ಲ."

ಭಾರ್ಗವಿ ಕಾದಳು. ನೀಲಾಂಬಿಕೆ ಹೊಲಿಯುವಾಗ ಬಾಗಿಲಲ್ಲೇ ನಿಂತಳು. ನೀಲಾಂಬಿಕೆ ಬೆನ್ನು ತಿರುಗಿಸಿ ಕೂತು ಹೊಲಿದಳು. ಆ ಬೆನ್ನು ನೋಡಿದಷ್ಟೂ ಭಾರ್ಗವಿಯ ಸಂಶಯ ಗಟ್ಟಿಯಾಯಿತು.

ಒಂದು ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋಗಿದ್ದರು. ಭಾರ್ಗವಿ ಒಳಗೆ ಹೋಗಿ ಕದ ಮುಂದೆ ಮಾಡಿದಳು. ನೀಲಾಂಬಿಕೆಯ ಗೊಂಬೆಯ ಮೇಲಿದ್ದ ಬಟ್ಟೆ ಎತ್ತಿದಳು.

ಅಲ್ಲಿದ್ದದ್ದು ಭಾರ್ಗವಿಯ ತೋಳಲ್ಲ.

ಕೊರಳಿನಿಂದ ಹೆಗಲ ಮೇಲೆ ಹಾದು ಮಣಿಕಟ್ಟಿನವರೆಗೆ ಪೂರ್ತಿ ಬಿಚ್ಚಿಕೊಳ್ಳುವ ತೋಳು. ನೀಲಾಂಬಿಕೆಯ ತಾಯಿಗೆ ಪಾರ್ಶ್ವವಾಯು ಹೊಡೆದು ಬಲಗೈ ಮೇಲೆತ್ತಲು ಬಾರದೆಂಬುದು ಕ್ಲಾಸಿಗೆಲ್ಲ ಗೊತ್ತಿತ್ತು. ಆ ಕೈಯನ್ನು ಒಂದಿಷ್ಟೂ ನೋಯಿಸದೆ ತೊಡಿಸಬಹುದಾದ ಅಂಗಿ ಅದು.

ಭಾರ್ಗವಿಗೆ ಸಮಾಧಾನವಾಗಬೇಕಿತ್ತು. ಆಗಲಿಲ್ಲ. ಅವಳ ಸ್ವಂತ ಉಡುಪು ಹೆಗಲ ಹತ್ತಿರ ಜಗ್ಗುತ್ತಿತ್ತು, ಎಷ್ಟು ಬಿಚ್ಚಿ ಹೊಲಿದರೂ ಸರಿಹೋಗಿರಲಿಲ್ಲ. ಹೆಗಲನ್ನೇ ಸೀಳಬಹುದೆಂದು ಅವಳಿಗೆ ಹೊಳೆದಿರಲಿಲ್ಲ.

ಈಗ ಹೊಳೆಯಿತು.

ತನ್ನ ಗೊಂಬೆಯ ಬಳಿ ಹೋದಳು. ಸೀಮೆಸುಣ್ಣ ಎತ್ತಿಕೊಂಡಳು. ಹೆಗಲ ಮೇಲೆ ಕೊರಳಿನಿಂದ ಕೆಳಕ್ಕೆ ಒಂದು ಗೆರೆ ಎಳೆದಳು. ಉಡುಪು ಎಲ್ಲಿ ಜಗ್ಗುತ್ತಿತ್ತೋ ಸರಿಯಾಗಿ ಅಲ್ಲೇ ಗೆರೆ ಬಿತ್ತು.

ಕದದ ಸದ್ದಾಯಿತು. ಮೇಡಂ ಬಾಗಿಲಲ್ಲಿ ನಿಂತಿದ್ದರು. ತೆರೆದಿದ್ದ ನೀಲಾಂಬಿಕೆಯ ಗೊಂಬೆಯನ್ನು ನೋಡಿದರು. ಭಾರ್ಗವಿಯ ಗೊಂಬೆಯನ್ನೂ ನೋಡಿದರು.

"ನಾ ಬರೇ ನೋಡಾಕ ಬಂದಿದ್ದೆ ಮೇಡಂ," ಎಂದಳು ಭಾರ್ಗವಿ. "ಆಕಿ ಕದ್ದಾಳೋ ಇಲ್ಲೋ ಅಂತ."

"ಕದ್ದಾಳೇನು?"

"ಇಲ್ರಿ."

ಮೇಡಂ ಹತ್ತಿರ ಬಂದು ಸುಣ್ಣದ ಗೆರೆಯನ್ನು ಬೆರಳಿಂದ ಮುಟ್ಟದೆ ಬಗ್ಗಿ ನೋಡಿದರು. ಹೊರಗೆ ಹುಡುಗಿಯರು ಊಟ ಮುಗಿಸಿ ಬರುತ್ತಿದ್ದ ಸಪ್ಪಳ. ನೀಲಾಂಬಿಕೆಯ ದನಿಯೂ ಅದರೊಳಗಿತ್ತು.

"ಗೆರಿ ಚೊಲೋ ಬಂದೈತಿ," ಎಂದರು ಮೇಡಂ. "ನೀಲಾಂಬಿಕೆ ಬಂದು ತನ್ನ ಡಿಸೈನ್ ಯಾರು ಕದ್ದಾರಂತ ಕೇಳಿದ್ರ, ನಾ ಯಾರ ಹೆಸರು ಹೇಳ್ಲಿ?"